ತೆಂಗಿನ ಸೀಮೆಯ ಮನೆಗೆ ದೊಡ್ಡ ಟಿವಿ

ದೊಡ್ಡ ಟಿವಿ ಎಂದು ಈಗ ಅಂಗಡಿಗಳಲ್ಲಿ ಕರೆಯುವುದು 43 ಇಂಚಿನಿಂದ 65 ಇಂಚಿನವರೆಗಿನ ಪರದೆಯನ್ನು. ಈ ಇಂಚು ಪರದೆಯ ಅಗಲದ್ದಲ್ಲ, ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. ಪೆಟ್ಟಿಗೆಯ ಮೇಲೆ ಅದೇ ಅಳತೆ ಸೆಂಟಿಮೀಟರಿನಲ್ಲಿರುತ್ತದೆ: 43 ಇಂಚಿಗೆ 108, 55ಕ್ಕೆ 138 ಅಥವಾ 139, 65ಕ್ಕೆ 164. ಗೋಡೆಯ ಮೇಲೆ ಬೇಕಾಗುವ ಜಾಗದ ಲೆಕ್ಕ ಬೇರೆ. 43 ಇಂಚಿನ ಟಿವಿ ಸುಮಾರು 3 ಅಡಿ 2 ಇಂಚು ಅಗಲ, 1 ಅಡಿ 9 ಇಂಚು ಎತ್ತರ ಇರುತ್ತದೆ. 55 ಇಂಚಿನದು 4 ಅಡಿ ಅಗಲ, 2 ಅಡಿ 3 ಇಂಚು ಎತ್ತರ. 65 ಇಂಚಿನದು 4 ಅಡಿ 9 ಇಂಚು ಅಗಲ, 2 ಅಡಿ 8 ಇಂಚು ಎತ್ತರ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಈ ಅಳತೆಗೆ ಕತ್ತರಿಸಿ, ಗೋಡೆಗೆ ಹಚ್ಚಿ ಎರಡು ದಿನ ಹಾಗೇ ಬಿಟ್ಟರೆ ಬಾಗಿಲು, ಕಿಟಕಿ, ಕಂಬ, ದೇವರ ಪಟ ಇವುಗಳ ನಡುವೆ ಟಿವಿ ಹೇಗೆ ಕೂರುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಾಗುತ್ತದೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿ ಮತ್ತು ಅದರ ಆಚೀಚಿನ ತಿಪಟೂರು, ತುರುವೇಕೆರೆ ಸೀಮೆಯ ಮನೆಗಳಲ್ಲಿ ನೋಡಬೇಕಾದ್ದು ಇಷ್ಟಕ್ಕೇ ಮುಗಿಯುವುದಿಲ್ಲ. ಇಲ್ಲಿ ಎಷ್ಟೋ ಮನೆಗಳು ತೋಟದ ನಡುವೆ ಇವೆ. ಸೂರಿನ ಪಕ್ಕದಲ್ಲೇ ಅರವತ್ತು ಅಡಿಯ ತೆಂಗು ನಿಂತಿರುತ್ತದೆ. ಅಟ್ಟದಲ್ಲಿ ಕಾಯಿ ಕೊಬ್ಬರಿಯಾಗುತ್ತಿರುತ್ತದೆ. ಗೋಡೆ ಮಣ್ಣಿನದೋ ಸಿಮೆಂಟು ಬ್ಲಾಕಿನದೋ, ಕರೆಂಟು ಏರುವುದೆಷ್ಟು ಇಳಿಯುವುದೆಷ್ಟು, ಮುಂಗಾರಿಗೆ ಮುಂಚಿನ ಸಿಡಿಲು ಎಲ್ಲಿಂದ ಒಳಗೆ ಬರುತ್ತದೆ ಎಂಬುದೆಲ್ಲ ಟಿವಿಯ ಆಯಸ್ಸನ್ನೂ ಚಿತ್ರದ ಗುಣವನ್ನೂ ನಿರ್ಧರಿಸುತ್ತದೆ. ಕೊಬ್ಬರಿ ಮಾರಿದ ಹಣದಲ್ಲಿ ದೊಡ್ಡ ಟಿವಿ ತಂದು, ಅದಕ್ಕೆ ಹಳೆಯ ಡಿಶ್ಶು, ಹಳೆಯ ವೈರು, ಅರ್ಥಿಂಗ್ ಇಲ್ಲದ ಪ್ಲಗ್ಗು ಜೋಡಿಸಿದರೆ ಹಣದ ಅರ್ಧ ಪಾಲು ನೀರಿನಲ್ಲಿ ಹಾಕಿದಂತೆ.

ದೂರ ಮತ್ತು ಗಾತ್ರ

ಕುಳಿತುಕೊಳ್ಳುವ ಜಾಗದಿಂದ ಗೋಡೆಗಿರುವ ದೂರವೇ ಗಾತ್ರವನ್ನು ಹೇಳುತ್ತದೆ. ಪರದೆಯ ಇಂಚನ್ನು ಒಂದೂವರೆಯಿಂದ ಗುಣಿಸಿದರೆ ಎಷ್ಟು ಇಂಚು ದೂರದಲ್ಲಿ ಕೂತರೆ ಚಿತ್ರ ಕಣ್ತುಂಬ ಕಾಣುತ್ತದೆ ಎಂಬುದು ಸಿಗುತ್ತದೆ. 43 ಇಂಚಿಗೆ ಸುಮಾರು ಐದೂವರೆ ಅಡಿ, 55ಕ್ಕೆ 7 ಅಡಿ, 65ಕ್ಕೆ 8 ಅಡಿ. ಹತ್ತು ಅಡಿ ಅಗಲದ ನಡುಮನೆಯಲ್ಲಿ ಎದುರು ಗೋಡೆಗೆ ಒರಗಿ ಕೂರುವವರಿಗೆ 55 ಇಂಚು ಹಿತವಾದ ಗಾತ್ರ. ಕಂಬಗಳಿರುವ ಹಳೆಯ ಮನೆಯಲ್ಲಿ ಕಂಬದ ಮರೆ ಎಲ್ಲಿ ಬೀಳುತ್ತದೆ ಎಂದು ಚಾಪೆಯ ಮೇಲೆ ಕೂತೇ ನೋಡಬೇಕು.

ಪರದೆಯ ಸ್ಪಷ್ಟತೆಯನ್ನು ಚುಕ್ಕಿಗಳಲ್ಲಿ ಎಣಿಸುತ್ತಾರೆ. ಹಳೆಯ ಸಾಮಾನ್ಯ ಪ್ರಸಾರದಲ್ಲಿ, ಅಂದರೆ ಎಸ್‌ಡಿಯಲ್ಲಿ, ಒಂದು ಚಿತ್ರಕ್ಕೆ 720 ಅಡ್ಡ 576 ಉದ್ದದಂತೆ ಸುಮಾರು 4 ಲಕ್ಷ ಚುಕ್ಕಿಗಳಿರುತ್ತವೆ. ಫುಲ್ ಎಚ್‌ಡಿಯಲ್ಲಿ 1920 ಅಡ್ಡ 1080ರಂತೆ 20 ಲಕ್ಷ 73 ಸಾವಿರ. 4ಕೆ ಎನ್ನುವುದರಲ್ಲಿ 3840 ಅಡ್ಡ 2160ರಂತೆ 82 ಲಕ್ಷ 94 ಸಾವಿರ. ಈಗ 55 ಇಂಚು ಮತ್ತು ಅದಕ್ಕೆ ಮೇಲಿನ ಟಿವಿಗಳೆಲ್ಲ ಹೆಚ್ಚುಕಡಿಮೆ 4ಕೆಯವೇ. 43 ಇಂಚಿನಲ್ಲಿ ಮಾತ್ರ ಫುಲ್ ಎಚ್‌ಡಿಯವೂ ಸಿಗುತ್ತವೆ.

ಈ ಲೆಕ್ಕದ ಇನ್ನೊಂದು ಮುಖವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಒಳ್ಳೆಯ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವ ಚುಕ್ಕಿಗೂ ಒಂದು ಮಿತಿ ಇದೆ. 55 ಇಂಚಿನ ಪರದೆಯಿಂದ 7 ಅಡಿಗಿಂತ ಆಚೆ ಕೂತವರಿಗೆ ಫುಲ್ ಎಚ್‌ಡಿ ಚಿತ್ರಕ್ಕೂ 4ಕೆ ಚಿತ್ರಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಅದೇ ಪರದೆಯ ಮೇಲೆ ಎಸ್‌ಡಿ ಚಿತ್ರ ಹಾಕಿದರೆ ಅದರ ಒರಟುತನ ಸುಮಾರು 19 ಅಡಿಯ ತನಕವೂ ಕಣ್ಣಿಗೆ ಹೊಡೆಯುತ್ತದೆ. ಒಂದು ಎಸ್‌ಡಿ ಚುಕ್ಕಿಯನ್ನು 4ಕೆ ಪರದೆಯ ಇಪ್ಪತ್ತು ಚುಕ್ಕಿಗಳ ಮೇಲೆ ಎಳೆದು ಹರಡಬೇಕಾಗುತ್ತದೆ, ಒಂದು ಲೋಟ ಹಾಲನ್ನು ಇಪ್ಪತ್ತು ಲೋಟ ಮಾಡಿದ ಹಾಗೆ. ಹೊಸ ದೊಡ್ಡ ಟಿವಿ ತಂದ ಮನೆಯಲ್ಲಿ ಮೊದಲ ಸಂಜೆಯೇ ‘ಹಳೇದೇ ಚೆನ್ನಾಗಿತ್ತು, ಇದರಲ್ಲಿ ಮುಖ ಎಲ್ಲ ಮಸುಕು’ ಎಂಬ ಮಾತು ಬರುವುದು ಇದರಿಂದಲೇ. ಹಳೆಯ 21 ಇಂಚಿನ ಡಬ್ಬ ಟಿವಿಯಲ್ಲಿ ಅದೇ ಎಸ್‌ಡಿ ಚಿತ್ರ ಚಿಕ್ಕದಾಗಿದ್ದುದರಿಂದ ಚೊಕ್ಕವಾಗಿ ಕಾಣುತ್ತಿತ್ತು. ತಪ್ಪು ಟಿವಿಯದಲ್ಲ, ಅದಕ್ಕೆ ಕೊಡುವ ಚಿತ್ರದ್ದು. ಆದ್ದರಿಂದ 43ರ ಬದಲು 55 ಕೊಳ್ಳುವ ಮುನ್ನ, ಆ ಹೆಚ್ಚಿನ ಹಣದಲ್ಲಿ ಸ್ವಲ್ಪ ಭಾಗವನ್ನು ಎಚ್‌ಡಿ ಸೆಟ್‌ಟಾಪ್ ಬಾಕ್ಸಿಗೋ ಫೈಬರ್ ಸಂಪರ್ಕಕ್ಕೋ ತೆಗೆದಿಡುವುದು ಜಾಣತನ.

ಚಿತ್ರ ಬರುವ ದಾರಿ

ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಡಿಡಿ ಫ್ರೀ ಡಿಶ್ 2004ರ ಡಿಸೆಂಬರಿನಲ್ಲಿ ಶುರುವಾದದ್ದು. ಚಂದನ ವಾಹಿನಿ ಅದರಲ್ಲಿ ಉಚಿತ. ಆದರೆ ಅದರ ಹೆಚ್ಚಿನ ವಾಹಿನಿಗಳು ಎಸ್‌ಡಿಯವು. ಮನೆಯಲ್ಲಿ ಅದನ್ನಷ್ಟೇ ನೋಡುವುದಾದರೆ 43 ಇಂಚಿಗಿಂತ ದೊಡ್ಡ ಪರದೆಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಬಾಡಿಗೆಯ ಡಿಟಿಎಚ್ ಇರುವವರು ನೋಡಬೇಕಾದ್ದು ಎರಡು. ಬಾಕ್ಸ್ ಎಚ್‌ಡಿಯದೇ? ಪ್ಯಾಕ್‌ನಲ್ಲಿ ವಾಹಿನಿಯ ಎಚ್‌ಡಿ ರೂಪ ಸೇರಿದೆಯೇ? ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ವಾಹಿನಿಗಳಿಗೆ ಎಸ್‌ಡಿ, ಎಚ್‌ಡಿ ಎರಡೂ ಇವೆ. ಎರಡಕ್ಕೂ ನಂಬರ್ ಬೇರೆ, ದರ ಬೇರೆ. ಎಚ್‌ಡಿ ಬಾಕ್ಸ್ ಇದ್ದೂ ಅಭ್ಯಾಸಬಲದಿಂದ ಹಳೆಯ ಎಸ್‌ಡಿ ನಂಬರನ್ನೇ ಒತ್ತುತ್ತಿರುವ ಮನೆಗಳು ಕಡಿಮೆಯಿಲ್ಲ. ಸುದ್ದಿ ವಾಹಿನಿಗಳು ಬಹುತೇಕ ಎಸ್‌ಡಿಯಲ್ಲೇ ಇವೆ. ಅವನ್ನು ಯಾವ ಟಿವಿಯಲ್ಲಿ ನೋಡಿದರೂ ಅಷ್ಟೇ.

ಇಂಟರ್ನೆಟ್ ಮೂಲಕ ಸಿನಿಮಾ ನೋಡುವವರಿಗೆ ವೇಗದಷ್ಟೇ ಡೇಟಾದ ಲೆಕ್ಕವೂ ಮುಖ್ಯ. ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಮೆಗಾಬಿಟ್ ವೇಗ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಒಂದು ಗಂಟೆಗೆ ಫುಲ್ ಎಚ್‌ಡಿಯಲ್ಲಿ 3 ಜಿಬಿ, 4ಕೆಯಲ್ಲಿ 7 ಜಿಬಿಯವರೆಗೂ ಡೇಟಾ ಹೋಗಬಹುದು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕಿನ ಹಾಟ್‌ಸ್ಪಾಟ್ ಹಿಡಿದರೆ ಸಿನಿಮಾ ಇಂಟರ್‌ವಲ್ ತಲುಪುವ ಮೊದಲೇ ಡೇಟಾ ಮುಗಿಯುತ್ತದೆ. ಊರಿಗೆ ಫೈಬರ್ ಬಂದಿದ್ದರೆ ಅದೇ ಸರಿಯಾದ ದಾರಿ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ ವೈಫೈಯನ್ನು ಬಹಳ ಮಟ್ಟಿಗೆ ಹೀರಿಬಿಡುತ್ತದೆ. ರೂಟರ್ ಒಂದು ಕೋಣೆ, ಟಿವಿ ಇನ್ನೊಂದು ಕೋಣೆಯಲ್ಲಿದ್ದರೆ ರೂಟರಿನಿಂದ ಟಿವಿಗೆ ನೇರ ಲ್ಯಾನ್ ವೈರ್ ಎಳೆಸುವುದು ಅಗ್ಗದ, ಬಹುಕಾಲದ ಪರಿಹಾರ.

ಪರದೆಯ ಬಗೆ

ಎಲ್‌ಇಡಿ ಎಂದು ಮಾರುವುದೆಲ್ಲ ನಿಜದಲ್ಲಿ ಎಲ್‌ಸಿಡಿ ಪರದೆ. ಹಿಂದಿನಿಂದ ಎಲ್‌ಇಡಿ ದೀಪ ಬೆಳಗುತ್ತದೆ ಅಷ್ಟೆ. ಅದರಲ್ಲೂ ಎರಡು ಜಾತಿ. ಐಪಿಎಸ್ ಪರದೆಯನ್ನು ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ವಿಎ ಪರದೆಯಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿ ಕಾಣುತ್ತದೆ, ಆದರೆ ಓರೆಯಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಕ್ರಿಕೆಟ್ ಪಂದ್ಯವೆಂದರೆ ಅಕ್ಕಪಕ್ಕದ ಮನೆಯವರೂ ಬಂದು ಗೋಡೆಯುದ್ದಕ್ಕೂ ಕೂರುವ ಹಳ್ಳಿಯ ನಡುಮನೆಗೆ ಐಪಿಎಸ್ ಹೊಂದುತ್ತದೆ. ಗಂಡ, ಹೆಂಡತಿ, ಮಕ್ಕಳು ಎದುರಿಗೇ ಕೂತು ರಾತ್ರಿ ನೋಡುವ ಕೋಣೆಗೆ ವಿಎ ಒಳ್ಳೆಯದು. ಅಂಗಡಿಯಲ್ಲಿ ಟಿವಿಯ ನೇರಕ್ಕೆ ನಿಂತು ಒಮ್ಮೆ, ಆಮೇಲೆ ಬಹಳ ಪಕ್ಕಕ್ಕೆ ಸರಿದು ಒಮ್ಮೆ ನೋಡಿದರೆ ಯಾವುದು ಯಾವ ಜಾತಿ ಎಂಬುದು ಕೇಳದೆಯೇ ತಿಳಿಯುತ್ತದೆ.

ಕ್ಯೂಎಲ್‌ಇಡಿ ಎನ್ನುವುದೂ ಎಲ್‌ಸಿಡಿಯೇ, ಬಣ್ಣ ಗಾಢವಾಗಲು ಒಂದು ಹೆಚ್ಚಿನ ಪದರ ಇರುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಸಣ್ಣವು, ಸಾವಿರಾರು. ಬೆಳಕು ಹೆಚ್ಚು, ಕಪ್ಪೂ ಚೆನ್ನ. ಹೆಬ್ಬಾಗಿಲು ಹಗಲೆಲ್ಲ ತೆರೆದೇ ಇರುವ, ಅಂಗಳದ ಬಿಸಿಲು ಒಳಗೆ ಬೀಳುವ ಮನೆಗೆ ಕೈಗೆ ಎಟುಕಿದರೆ ಇದು ಅತ್ಯುತ್ತಮ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುವುದರಿಂದ ಕತ್ತಲ ಕೋಣೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬೆಳಗಿನಿಂದ ರಾತ್ರಿವರೆಗೆ ಒಂದೇ ಸುದ್ದಿ ವಾಹಿನಿ ಹಚ್ಚಿಡುವ ಮನೆಯಲ್ಲಿ ಆ ವಾಹಿನಿಯ ಲಾಂಛನ, ಕೆಳಗಿನ ಕೆಂಪು ಪಟ್ಟಿ ವರ್ಷಗಳು ಕಳೆದಂತೆ ಪರದೆಯಲ್ಲೇ ಅಚ್ಚೊತ್ತಿ ನಿಲ್ಲಬಹುದು. ಅಂಥ ಮನೆಗೆ ಒಎಲ್‌ಇಡಿ ಬೇಡ.

ಪೆಟ್ಟಿಗೆಯ ಮೇಲಿನ ಎಚ್‌ಡಿಆರ್, ಡಾಲ್ಬಿ ವಿಷನ್ ಗುರುತುಗಳು ಬೆಳಕು ಚೆನ್ನಾಗಿ ಕೊಡಬಲ್ಲ ಪರದೆಯಲ್ಲಿ ಮಾತ್ರ ಬೆಲೆಯುಳ್ಳವು. ಅಗ್ಗದ, ಮಂದ ಬೆಳಕಿನ ಪರದೆಯಲ್ಲಿ ಅವು ಬರೀ ಗುರುತುಗಳು. ಸ್ಮಾರ್ಟ್ ಟಿವಿಯಲ್ಲಿ ಕನಿಷ್ಠ 2 ಜಿಬಿ ರ‍್ಯಾಮ್ ಇರಬೇಕು. ಎಚ್‌ಡಿಎಂಐ ಕಿಂಡಿ ಮೂರಾದರೂ ಬೇಕು: ಒಂದು ಸೆಟ್‌ಟಾಪ್ ಬಾಕ್ಸಿಗೆ, ಒಂದು ಸೌಂಡ್‌ಬಾರಿಗೆ, ಇನ್ನೊಂದು ಮುಂದೆ ಬರುವ ಯಾವುದಕ್ಕಾದರೂ. ಮನೆಯಲ್ಲಿ ಹಿರಿಯರಿದ್ದರೆ ಮೆನುವಿನಲ್ಲಿ ಕನ್ನಡ ಇದೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಬಹುದು.

ಕೊಳ್ಳುವಾಗ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಆ ದರವೇ ಇದೆಯೇ, ಟಿವಿಯ ಸೀರಿಯಲ್ ನಂಬರ್ ಬರೆದಿದೆಯೇ ನೋಡಬೇಕು. ಅದಕ್ಕಿಂತ ಮುಖ್ಯ ಪ್ರಶ್ನೆ ಒಂದಿದೆ: ಕೆಟ್ಟರೆ ರಿಪೇರಿಯವರು ಎಲ್ಲಿಂದ ಬರುತ್ತಾರೆ? ತಿಪಟೂರಿನಲ್ಲೋ ತುಮಕೂರಿನಲ್ಲೋ ಸರ್ವಿಸ್ ಇರುವ ಕಂಪನಿಯ ಟಿವಿಗೆ ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೆಂಗಳೂರಿನಿಂದಲೇ ಬರಬೇಕಾದ ರಿಪೇರಿಯವರು ತೋಟದ ಮನೆಗೆ ಬರುವುದು ಯಾವಾಗಲೋ.

ಸಾಗಿಸುವ ದಾರಿಯಲ್ಲಿ ಒಡೆಯುವ ಪರದೆಗಳೇ ಹೆಚ್ಚು. ಪರದೆಯ ಗಾಜು ಹಪ್ಪಳದಷ್ಟು ತೆಳು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಯೇ ತರಬೇಕು, ಮಲಗಿಸಬಾರದು. ಇಬ್ಬರು ಬೈಕಿನಲ್ಲಿ ನಡುವೆ ಹಿಡಿದುಕೊಂಡು ತರುವ ಸಾಹಸ ಬೇಡ. ಲಗೇಜ್ ಆಟೋದಲ್ಲಿ, ಎರಡೂ ಕಡೆ ಗೋಣಿಚೀಲವೋ ಹಾಸಿಗೆಯೋ ಕೊಟ್ಟು, ಹಗ್ಗವನ್ನು ಪರದೆಯ ಮೇಲೆ ಬಿಗಿಯದೆ ತರಬೇಕು. ಮನೆಯಲ್ಲಿ ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕಡೆಯವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಮುಂದೆ ತಕರಾರು ಬಂದಾಗ ಅದೇ ಸಾಕ್ಷಿ. ಅಂಗಡಿಯವರೋ ಕಂಪನಿಯವರೋ ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಖಾಲಿ ಪೆಟ್ಟಿಗೆ ಮತ್ತು ಥರ್ಮಾಕೋಲನ್ನು ವಾರಂಟಿ ಮುಗಿಯುವ ತನಕ ಇಟ್ಟುಕೊಳ್ಳುವುದು ಕ್ಷೇಮ.

ಗೋಡೆ, ಎತ್ತರ, ಅಟ್ಟ

55 ಇಂಚಿನ ಟಿವಿಯ ತೂಕ ಹೆಚ್ಚೆಂದರೆ ಸುಮಾರು 18 ಕಿಲೋ. ಸುಟ್ಟ ಇಟ್ಟಿಗೆಯ ಅಥವಾ ಗಟ್ಟಿ ಸಿಮೆಂಟು ಬ್ಲಾಕಿನ ಗೋಡೆ ಇದನ್ನು ಸುಲಭವಾಗಿ ಹೊರುತ್ತದೆ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾಮಾನ್ಯ ಫಾಸ್ಟನರ್ ಹಿಡಿತ ಸಿಗದೆ ತಿರುಗುತ್ತದೆ. ಅಲ್ಲಿ ದಪ್ಪ ಪ್ಲೈವುಡ್ ಹಲಗೆಯೊಂದನ್ನು ಆರೆಂಟು ಕಡೆ ಗೋಡೆಗೆ ಬಿಗಿದು, ಆ ಹಲಗೆಗೆ ಸ್ಟ್ಯಾಂಡ್ ಕೂಡಿಸಬೇಕು. ಮಣ್ಣಿನ ಗೋಡೆಗೆ ಡ್ರಿಲ್ ಹಾಕುವುದೇ ಬೇಡ. ಕೊರೆದಷ್ಟೂ ಮಣ್ಣು ಉದುರುತ್ತದೆ, ತೂತು ಅಗಲವಾಗುತ್ತದೆ, ಮೇಲೆ ಗಾರೆಯಿದ್ದರೂ ಒಳಗೆ ಹಿಡಿತವಿರುವುದಿಲ್ಲ. ಅಂಥ ಮನೆಯಲ್ಲಿ ಗಟ್ಟಿ ಮರದ ಮೇಜೇ ಟಿವಿಗೆ ಸರಿಯಾದ ಜಾಗ. ಬಹಳಷ್ಟು ಟಿವಿಗಳ ಕಾಲು ಎರಡು ತುದಿಯಲ್ಲಿರುವುದರಿಂದ 55 ಇಂಚಿಗೆ ನಾಲ್ಕು ಅಡಿ ಉದ್ದದ ಮೇಜು ಬೇಕಾಗುತ್ತದೆ. ಮಕ್ಕಳು ಹಿಡಿದೆಳೆದರೆ ಮುಂದಕ್ಕೆ ಬೀಳದಂತೆ ಟಿವಿಯ ಬೆನ್ನಿನಿಂದ ಮೇಜಿಗೋ ಕಂಬಕ್ಕೋ ಒಂದು ಪಟ್ಟಿ ಕಟ್ಟಿಡಬೇಕು.

ಎತ್ತರದ ವಿಷಯದಲ್ಲಿ ಆಗುವ ತಪ್ಪು ಎಲ್ಲ ಊರುಗಳಲ್ಲೂ ಒಂದೇ: ಬಾಗಿಲ ತೊಲೆಯ ಮಟ್ಟಕ್ಕೆ, ದೇವರ ಪಟಗಳ ಸಾಲಿಗೆ ಟಿವಿಯನ್ನು ಏರಿಸುವುದು. ಪರದೆಯ ನಡುಮಧ್ಯ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ, ಚಾಪೆಯ ಮೇಲೆ ಕೂತವರದು ಎರಡೂವರೆ ಅಡಿ. ಎರಡು ಬಗೆಯಲ್ಲೂ ಕೂರುವ ಮನೆಗೆ ಮಧ್ಯಭಾಗ ಮೂರು ಅಡಿಯಿಂದ ಮೂರು ಕಾಲು ಅಡಿ ಇರುವಂತೆ, ಅಂದರೆ 55 ಇಂಚಿನ ಟಿವಿಯ ಕೆಳ ಅಂಚು ನೆಲದಿಂದ ಎರಡು ಅಡಿಗೆ ಬರುವಂತೆ ಇಟ್ಟರೆ ಯಾರ ಕುತ್ತಿಗೆಯೂ ನೋಯುವುದಿಲ್ಲ. ಹೆಬ್ಬಾಗಿಲಿಗೋ ಕಿಟಕಿಗೋ ಎದುರು ಗೋಡೆಯಲ್ಲಿಟ್ಟರೆ ಹಗಲೆಲ್ಲ ಪರದೆಯಲ್ಲಿ ಅಂಗಳವೇ ಕಾಣುತ್ತದೆ. ಬೆಳಕು ಪಕ್ಕದಿಂದ ಬೀಳುವ ಗೋಡೆಯೇ ಸರಿ.

ಅಟ್ಟದ ಮಾತು ಈ ಸೀಮೆಗೇ ಸೇರಿದ್ದು. ತಿಪಟೂರಿನ ಹೆಸರಾದ ಉಂಡೆ ಕೊಬ್ಬರಿ ಆಗಲು ಕಾಯಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಅಟ್ಟದಲ್ಲೇ ಒಣಗಬೇಕು. ಕಾಯಿ ಏರಿಸುವಾಗ, ಇಳಿಸುವಾಗ, ಮಗುಚುವಾಗ ಅಟ್ಟದ ಸಂದಿನಿಂದ ನಾರಿನ ದೂಳು ಕೆಳಗೆ ಸುರಿಯುತ್ತಲೇ ಇರುತ್ತದೆ. ಟಿವಿಯ ಬೆನ್ನಿನ ಗಾಳಿಕಿಂಡಿಗಳಲ್ಲಿ ಆ ದೂಳು ಕೂತರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಕೊಬ್ಬರಿಯ ವಾಸನೆಗೆ ಇಲಿ ಬರುತ್ತದೆ, ಬಂದ ಇಲಿ ವೈರನ್ನೂ ಕಡಿಯುತ್ತದೆ. ಆದ್ದರಿಂದ ಅಟ್ಟದ ನೇರ ಕೆಳಗೆ ಟಿವಿ ಇಡಬಾರದು. ಬೇರೆ ಜಾಗವೇ ಇಲ್ಲದಿದ್ದರೆ ಅಟ್ಟದ ಅಡಿಗೆ ಒಂದು ಹಲಗೆಯನ್ನೋ ಶೀಟನ್ನೋ ಹೊಡೆಸಬೇಕು. ವೈರುಗಳನ್ನು ಪಿವಿಸಿ ಕೊಳವೆಯಲ್ಲಿ ತರಬೇಕು. ಕಾಯಿ ಇಳಿಸುವ ದಿನ ಪ್ಲಗ್ ಕಿತ್ತು, ಟಿವಿಗೆ ಪಂಚೆಯನ್ನೋ ಚಾದರವನ್ನೋ ಹೊದಿಸಬೇಕು. ಚಾಲೂ ಇರುವ ಟಿವಿಯ ಮೇಲೆ ಮಾತ್ರ ಬಟ್ಟೆ ಹಾಕಬಾರದು. ಬೆನ್ನಿನ ಕಡೆ ನಾಲ್ಕು ಬೆರಳಷ್ಟಾದರೂ ಗಾಳಿಗೆ ಜಾಗವಿರಲಿ. ಬೆಚ್ಚಗಿರುವ ಆ ಸಂದು ಹಲ್ಲಿಗೂ ಇರುವೆಗೂ ಇಷ್ಟದ ಜಾಗ. ಒಳಹೊಕ್ಕ ಹಲ್ಲಿ ಎರಡು ತಂತಿಗೆ ಮೈ ತಾಗಿಸಿದರೆ ಬೋರ್ಡೇ ಸುಡುತ್ತದೆ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಒಣ ಬ್ರಷ್ಷಿನಲ್ಲಿ ಕಿಂಡಿಗಳನ್ನು ಗುಡಿಸುವುದು ಸಾಕು.

ಡಿಶ್ಶು ಮತ್ತು ತೆಂಗಿನ ಮರ

ನಮ್ಮ ಕಡೆಯಿಂದ ನೋಡಿದರೆ ಡಿಟಿಎಚ್ ಉಪಗ್ರಹಗಳೆಲ್ಲ ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಇವೆ. ಸುಮಾರಾಗಿ ಹೇಳುವುದಾದರೆ ಆಗ್ನೇಯ ದಿಕ್ಕು, ವಾಸ್ತುವಿನಲ್ಲಿ ಅಡುಗೆಮನೆಗೆ ಹೇಳುವ ಮೂಲೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಶೆಟ್ಟಿಕೆರೆಯಿಂದ ಅದು ದಿಗಂತದ ಮೇಲೆ ಸುಮಾರು 65 ಡಿಗ್ರಿ ಎತ್ತರದಲ್ಲಿ ಕಾಣುವ ಲೆಕ್ಕ. ಟಾಟಾ ಪ್ಲೇಯ 83 ಡಿಗ್ರಿಯ ಉಪಗ್ರಹ ಇನ್ನೂ ಮೇಲೆ, ದಕ್ಷಿಣಕ್ಕೆ ಹತ್ತಿರ, ಸುಮಾರು 72 ಡಿಗ್ರಿ. ಏರ್‌ಟೆಲ್‌ನ 108.2 ಡಿಗ್ರಿಯದು ಪೂರ್ವಕ್ಕೆ ಹೆಚ್ಚು ವಾಲಿ, ಸುಮಾರು 50 ಡಿಗ್ರಿ ಎತ್ತರದಲ್ಲಿದೆ.

ತೋಟದ ಮನೆಯವರಿಗೆ ಈ ಅಂಕಿಗಳಿಂದ ನೇರ ಉಪಯೋಗವಿದೆ. ಹತ್ತು ಅಡಿಯ ಸೂರಿನ ಮೇಲೆ ಡಿಶ್ಶಿದೆ, ಆಗ್ನೇಯಕ್ಕೆ ಅರವತ್ತು ಅಡಿಯ ತೆಂಗಿದೆ ಎಂದುಕೊಳ್ಳೋಣ. ಮರ ಡಿಶ್ಶಿಗಿಂತ 50 ಅಡಿ ಮೇಲಿದೆ. ಫ್ರೀ ಡಿಶ್ಶಿಗಾದರೆ ಮರ 23 ಅಡಿಗಿಂತ ದೂರವಿದ್ದರೆ ಅದರ ತುದಿ ಅಡ್ಡ ಬರುವುದಿಲ್ಲ. ಟಾಟಾ ಪ್ಲೇಗೆ 16 ಅಡಿ ಸಾಕು. ಏರ್‌ಟೆಲ್‌ಗೆ 42 ಅಡಿ ಬೇಕು. ಗರಿಯ ಹರವಿಗೆಂದು ಇದಕ್ಕೆ ಇನ್ನೊಂದು 15 ಅಡಿ ಸೇರಿಸಬೇಕು. ಮರಗಳು ಒತ್ತಾಗಿರುವ ಮನೆಗೆ, ಉಪಗ್ರಹ ಎತ್ತರದಲ್ಲಿರುವ ಸಂಪರ್ಕವೇ ಅನುಕೂಲ ಎಂಬುದು ಇದರಿಂದ ತಿಳಿಯುತ್ತದೆ. ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆದು ನಿಂತು, ಗಾಳಿ ನಿಂತ ಮೇಲೆ ಸರಿಹೋದರೆ ಅದು ಗರಿ ಅಡ್ಡ ಬರುತ್ತಿರುವ ಲಕ್ಷಣ. ಡಿಶ್ಶನ್ನು ನಾಲ್ಕು ಅಡಿ ಸರಿಸಿದರೆ ಸಾಕಾಗಬಹುದು, ಫಲ ಬಿಡುವ ಮರಕ್ಕೆ ಕೊಡಲಿ ಹಾಕುವ ಅಗತ್ಯವಿಲ್ಲ. ಒಣಗರಿ, ಕಾಯಿ ಬೀಳುವ ನೇರದಲ್ಲಂತೂ ಡಿಶ್ಶು ನಿಲ್ಲಿಸಬಾರದು. ಜೋರು ಮಳೆಯಲ್ಲಿ ಸ್ವಲ್ಪ ಹೊತ್ತು ಸಿಗ್ನಲ್ ಹೋಗುವುದು ಎಲ್ಲ ಡಿಟಿಎಚ್‌ಗೂ ಇರುವುದೇ. ಮಳೆ ನಿಂತು ಗಂಟೆಯಾದರೂ ಬರದಿದ್ದರೆ ಡಿಶ್ಶಿನ ಮುಂದಿನ ಎಲ್‌ಎನ್‌ಬಿಯ ತಿರುಪಿನಲ್ಲಿ ನೀರು ಇಳಿದಿರುತ್ತದೆ. ಆ ಕೂಡಿಕೆಗೆ ರಬ್ಬರ್ ಟೇಪ್ ಸುತ್ತಿಸಿ, ಮನೆಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ತಂದರೆ ನೀರು ಅಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಒಳಗಿನ ಜೋಡಣೆ

ದೊಡ್ಡ ಟಿವಿಯ ಮನೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷವನ್ನು ಸರಿಪಡಿಸಲು ಬೇಕಾಗುವುದು ಒಂದೇ ವೈರು. ಹಳದಿ, ಕೆಂಪು, ಬಿಳಿ ಪಿನ್ನಿನ ಹಳೆಯ ಎವಿ ವೈರಿನಲ್ಲಿ ಎಸ್‌ಡಿ ಚಿತ್ರ ಮಾತ್ರ ಬರುತ್ತದೆ. ಎಚ್‌ಡಿ ಬಾಕ್ಸಿನಿಂದ ಎಚ್‌ಡಿ ಟಿವಿಗೆ ಈ ವೈರು ಹಾಕಿದರೆ, ಹೆಚ್ಚು ಬಾಡಿಗೆ ಕೊಟ್ಟ ಎಚ್‌ಡಿಯೆಲ್ಲ ಆ ಹಳದಿ ಪಿನ್ನಿನಲ್ಲೇ ಸೋರಿಹೋಗುತ್ತದೆ. ಎಚ್‌ಡಿಎಂಐ ವೈರೇ ಹಾಕಬೇಕು. ಆಮೇಲೆ ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆಯನ್ನು 1080ಕ್ಕೂ ಆಕಾರವನ್ನು 16:9ಕ್ಕೂ ಇಡಬೇಕು. ಮುಖಗಳು ಅಡ್ಡಕ್ಕೆ ಉಬ್ಬಿದಂತೆ ಕಂಡರೆ 4:3ರ ಹಳೆಯ ಚಿತ್ರವನ್ನು ಟಿವಿ ಹಿಗ್ಗಿಸುತ್ತಿದೆ ಎಂದರ್ಥ.

ಮೊದಲ ಸಲ ಟಿವಿ ಹಚ್ಚಿದಾಗ ಮನೆಗೋ ಅಂಗಡಿಗೋ ಎಂದು ಅದು ಕೇಳುತ್ತದೆ. ಮನೆ ಎಂದು ಒತ್ತಬೇಕು. ಅಂಗಡಿಯ ಹೊಳಪು ಮನೆಯಲ್ಲಿ ಕಣ್ಣಿಗೆ ಭಾರ, ಕರೆಂಟಿಗೂ ಭಾರ. ಚಿತ್ರದ ಮೋಡ್‌ಗಳಲ್ಲಿ ವಿವಿಡ್ ಬಿಟ್ಟು ಸಿನಿಮಾ ಅಥವಾ ಮೂವಿ ಎಂಬುದನ್ನು ಆರಿಸಿದರೆ ಮೊದಲೆರಡು ದಿನ ಹಳದಿ ಹೆಚ್ಚಾದಂತೆ ಕಾಣುತ್ತದೆ, ಮೂರನೆಯ ದಿನಕ್ಕೆ ಮೈಬಣ್ಣ ಮೈಬಣ್ಣದಂತೆಯೇ ಕಾಣತೊಡಗುತ್ತದೆ. ಹಗಲಿಗೆ ಬೇಕಾದಷ್ಟು ಬೆಳಕನ್ನು ಬ್ಯಾಕ್‌ಲೈಟ್‌ನಲ್ಲಿ ಹೆಚ್ಚಿಸಬೇಕು, ಬ್ರೈಟ್‌ನೆಸ್‌ನಲ್ಲಲ್ಲ. ಬ್ರೈಟ್‌ನೆಸ್ ಏರಿಸಿದರೆ ಕಪ್ಪು ಬೂದುಬಣ್ಣವಾಗುತ್ತದೆ. ಶಾರ್ಪ್‌ನೆಸ್ ಇಳಿಸಿದಷ್ಟೂ ಎಸ್‌ಡಿ ವಾಹಿನಿಯ ಒರಟು ಕಡಿಮೆಯಾಗುತ್ತದೆ. ಮೋಷನ್ ಸ್ಮೂದಿಂಗ್ ಎಂಬ ಹೆಸರಿನಲ್ಲೋ ಅದಕ್ಕೆ ಹತ್ತಿರದ ಹೆಸರಿನಲ್ಲೋ ಇರುವ ಸೌಲಭ್ಯವನ್ನು ಸಿನಿಮಾ ನೋಡುವಾಗ ಆಫ್ ಮಾಡಿಡಬೇಕು. ಸೆಕೆಂಡಿಗೆ 24 ಚಿತ್ರದಂತೆ ತೆಗೆದ ಸಿನಿಮಾದ ನಡುನಡುವೆ ಟಿವಿ ತಾನೇ ಚಿತ್ರ ತುರುಕಿ, ರಾಜ್‌ಕುಮಾರ್ ಸಿನಿಮಾವನ್ನೂ ಧಾರಾವಾಹಿಯಂತೆ ಕಾಣಿಸುತ್ತದೆ. ಕ್ರಿಕೆಟ್‌ಗೆ ಅದು ಸ್ವಲ್ಪ ಇದ್ದರೆ ಅಡ್ಡಿಯಿಲ್ಲ.

ತೆಳು ಟಿವಿಯ ಸ್ಪೀಕರ್ ಬೆನ್ನಿಗೋ ಕೆಳಕ್ಕೋ ಮುಖ ಮಾಡಿರುವುದರಿಂದ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ನೆಲದ ಟೈಲ್ಸಿಗೆ ಹೊಡೆದು ಮೊಳಗುತ್ತದೆ. ಕಿವಿ ಮಂದವಾದ ಹಿರಿಯರಿರುವ ಮನೆಗೆ 65 ಇಂಚಿನ ಬದಲು 55 ಇಂಚು ಮತ್ತು ಒಂದು ಸಾಧಾರಣ ಸೌಂಡ್‌ಬಾರ್ ಕೊಳ್ಳುವುದು ಮೇಲು. ಅದನ್ನು ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೆ ಜೋಡಿಸಿದರೆ ಒಂದೇ ರಿಮೋಟಿನಲ್ಲಿ ಎರಡೂ ನಡೆಯುತ್ತವೆ.

ಕರೆಂಟು, ಅರ್ಥಿಂಗ್, ಸಿಡಿಲು

55 ಇಂಚಿನ ಎಲ್‌ಇಡಿ ಟಿವಿ ಸಾಮಾನ್ಯವಾಗಿ 100ರಿಂದ 130 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಐದು ಗಂಟೆ ನೋಡಿದರೆ ತಿಂಗಳಿಗೆ ಸುಮಾರು 18 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ ಬರುವ ಮನೆಗಳು ಇದನ್ನು ಗಮನಿಸಬೇಕು. ಉಚಿತದ ಮಿತಿ ನೇರವಾಗಿ 200 ಯೂನಿಟ್ ಅಲ್ಲ; 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚಳ ಸೇರಿಸಿ ಮನೆಮನೆಗೆ ಬೇರೆಯಾಗಿ ಗೊತ್ತುಮಾಡಿದ್ದು. ಹೊಸ ಟಿವಿಯ 18 ಯೂನಿಟ್ ಆ ಗೆರೆ ದಾಟಿಸಿದರೆ, ಬಳಕೆ 200 ಯೂನಿಟ್ಟಿನ ಒಳಗಿದ್ದರೂ ದಾಟಿದಷ್ಟಕ್ಕೆ ಹಣ ಕಟ್ಟಬೇಕಾಗುತ್ತದೆ. ಪೆಟ್ಟಿಗೆಯ ಮೇಲಿನ ಬಿಇಇ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ನಕ್ಷತ್ರಕ್ಕಿಂತ ಆ ಅಂಕಿಯನ್ನು ಓದಬೇಕು.

ಮೋಟರ್ ಚಾಲೂ ಆದಾಗ ವೋಲ್ಟೇಜ್ ಇಳಿಯುವುದರಿಂದ ಈಗಿನ ಟಿವಿಗಳಿಗೆ ಅಷ್ಟು ಭಯವಿಲ್ಲ. ಹೆಚ್ಚಿನವು 100ರಿಂದ 240 ವೋಲ್ಟ್‌ವರೆಗೆ ನಡೆಯುವಂತೆ ಮಾಡಿದವು. ನಿಜವಾದ ಅಪಾಯ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಾಗ. ಒಣಗರಿ ಬಿದ್ದು ನ್ಯೂಟ್ರಲ್ ತುಂಡಾದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಟಿವಿ, ಫ್ರಿಜ್, ಬಲ್ಬು ಎಲ್ಲ ಒಂದೇ ಗಳಿಗೆಯಲ್ಲಿ ಹೋಗುತ್ತವೆ. ಮೀಟರ್ ಬೋರ್ಡಿನ ಬಳಿ ಹೆಚ್ಚು ವೋಲ್ಟೇಜಿಗೆ ತಾನೇ ಕಡಿದುಕೊಳ್ಳುವ ಸಾಧನ ಹಾಕಿಸಿದರೆ ಇಡೀ ಮನೆಗೆ ರಕ್ಷಣೆ.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಅರ್ಥಿಂಗಿನದು. ಎಷ್ಟೋ ಹಳೆಯ ಮನೆಗಳಲ್ಲಿ ಆ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಇದ್ದರೂ ಬೇಸಿಗೆಯಲ್ಲಿ ಗುಂಡಿ ಒಣಗಿ ಕೆಲಸ ಮಾಡುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ನೀರು ಹಾಕುವುದು ತೆಂಗಿನ ಬುಡಕ್ಕೆ ನೀರು ಬಿಟ್ಟಷ್ಟೇ ಸಲೀಸಾದ ಕೆಲಸ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಅದು ಹೆಚ್ಚುವರಿ ವಿದ್ಯುತ್ತನ್ನು ಕಳಿಸಬೇಕಾದ ದಾರಿಯೇ ಇರುವುದಿಲ್ಲ.

ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಸಂಜೆಗಳಲ್ಲಿ, ಈ ಸೀಮೆಯಲ್ಲಿ ಸಿಡಿಲು ಹೆಚ್ಚು. ಸುತ್ತಲಿನ ಎಲ್ಲಕ್ಕಿಂತ ಎತ್ತರದಲ್ಲಿರುವ ತೆಂಗಿನ ಮರಕ್ಕೆ ಅದು ಮೊದಲು ಬಡಿಯುತ್ತದೆ. ಮರ ಸುಟ್ಟ ಮನೆಯಲ್ಲಿ ಟಿವಿಯೂ ಸುಡುವುದು, ವಿದ್ಯುತ್ ತಂತಿಯ ದಾರಿಯಲ್ಲಿ ಬಂದ ಏಟಿನಿಂದ ಅಥವಾ ಡಿಶ್ಶಿನ ಕೇಬಲ್ಲಿನ ದಾರಿಯಲ್ಲಿ ಬಂದ ಏಟಿನಿಂದ. ಸ್ವಿಚ್ ಆರಿಸಿದರೆ ಎರಡು ದಾರಿಯಲ್ಲಿ ಯಾವುದೂ ಮುಚ್ಚುವುದಿಲ್ಲ. ಪ್ಲಗ್ ಕೀಳುವವರು ಕೂಡ ಡಿಶ್ಶಿನ ಕೇಬಲ್ಲನ್ನು ಮರೆಯುತ್ತಾರೆ, ಸಿಡಿಲು ಅದರಲ್ಲೇ ಬರುತ್ತದೆ. ಫೈಬರ್ ಇದ್ದರೆ ರೂಟರಿನಿಂದ ಬರುವ ಲ್ಯಾನ್ ವೈರನ್ನೂ ಬಿಡಿಸಬೇಕು. ಗುಡುಗು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟುವುದು ಜೀವಕ್ಕೆ ಅಪಾಯ. ಮೋಡ ಕಟ್ಟಿ ದೂರದಲ್ಲಿ ಮಿಂಚುವಾಗಲೇ ಈ ಕೆಲಸ ಮುಗಿದಿರಬೇಕು. ಸಿಡಿಲಿನಿಂದ ಸುಟ್ಟ ಟಿವಿ ವಾರಂಟಿಗೆ ಬರುವುದಿಲ್ಲ. ಟಿವಿ ಕೂಡಿಸಲು ಬಂದವರು ಹೊರಡುವ ಮುನ್ನ, ಮನೆಯಲ್ಲಿ ಹಗಲು ಇರುವವರಿಗೆ, ಅಜ್ಜಿಗಾದರೂ ಸರಿ, ಯಾವ ಪ್ಲಗ್ ಕೀಳಬೇಕು, ಯಾವ ಕೇಬಲ್ ಬಿಚ್ಚಬೇಕು ಎಂದು ಅವರ ಕೈಯಲ್ಲೇ ಒಮ್ಮೆ ಮಾಡಿಸಿಡಿ.